ಮಾರಿಕಣಿವೆ ಸಾಲಿನ ಕರಿ ಅದಿರು: ಚಿತ್ರದುರ್ಗ ಸೀಮೆಯ ಕಿರು ಮ್ಯಾಂಗನೀಸ್ ಗಣಿಗಳ ಭೂವಿಜ್ಞಾನ ಮತ್ತು ಚರಿತ್ರೆ

ಹೊಸದುರ್ಗ, ಹೊಳಲ್ಕೆರೆ, ಹಿರಿಯೂರು ತಾಲ್ಲೂಕುಗಳ ಗುಡ್ಡಸಾಲಿನಲ್ಲಿ ಪಾಳುಬಿದ್ದ ಮ್ಯಾಂಗನೀಸ್ ಗುಂಡಿಗಳ ಮಾತು ಬಂದಾಗ ಎರಡು ಕಾರಣಗಳು ಸಲೀಸಾಗಿ ಹೊರಡುತ್ತವೆ: ಅದಿರು ಮುಗಿಯಿತು, ಇಲ್ಲವೇ ಸುಪ್ರೀಂ ಕೋರ್ಟು ಗಣಿ ನಿಲ್ಲಿಸಿತು. 2011ರ ಆಗಸ್ಟ್‌ನಲ್ಲಿ ಚಿತ್ರದುರ್ಗ ಮತ್ತು ತುಮಕೂರು ಜಿಲ್ಲೆಗಳಿಗೂ ಹಬ್ಬಿದ ನಿಷೇಧ ಮುಖ್ಯವಾಗಿ ಕಬ್ಬಿಣದ ಅದಿರಿಗೆ ಸಂಬಂಧಿಸಿದ್ದು. ಅದಕ್ಕೂ ಬಹಳ ಮೊದಲೇ ಕೆಲಸ ನಿಂತ ಕಿರು ಗುಂಡಿಗಳಿಗೆ ಆ ಕಾರಣ ಹೊಂದುವುದಿಲ್ಲ. ಅವುಗಳ ಆಯಸ್ಸನ್ನು ಮೊದಲು ಅಳೆದದ್ದು ಅಲ್ಲಿನ ಕಲ್ಲು, ಆಮೇಲೆ ಹೊರದೇಶದ ಮಾರುಕಟ್ಟೆ ಎಂಬುದು ಈ ಲೇಖನದ ವಾದ.

ಶ್ರೀರಂಗಪಟ್ಟಣದ ಬಳಿಯಿಂದ ಗದಗದವರೆಗೆ ಸುಮಾರು 450 ಕಿ.ಮೀ. ಉದ್ದಕ್ಕೆ ಚಾಚಿರುವ ಚಿತ್ರದುರ್ಗ ಶಿಲಾಪಟ್ಟಿ ಧಾರವಾಡ ಶಿಲಾಸಮೂಹದ ಭಾಗ. ರಾಬರ್ಟ್ ಬ್ರೂಸ್ ಫೂಟ್ 1880ರ ದಶಕದಲ್ಲಿ ಈ ಶಿಲೆಗಳಿಗೆ ಧಾರವಾಡದ ಹೆಸರಿಟ್ಟರು. 1894ರಲ್ಲಿ ಸ್ಥಾಪನೆಯಾದ ಮೈಸೂರು ಭೂವಿಜ್ಞಾನ ಇಲಾಖೆಯ ಮೊದಲ ಮುಖ್ಯಸ್ಥರೂ ಅವರೇ. ಭೂವಿಜ್ಞಾನಿಗಳಾದ ಸ್ವಾಮಿನಾಥ್ ಮತ್ತು ರಾಮಕೃಷ್ಣನ್ 1981ರಲ್ಲಿ ಪ್ರಕಟಿಸಿದ ವಿಂಗಡಣೆಯಲ್ಲಿ ಚಿತ್ರದುರ್ಗ ಗುಂಪಿನ ಒಳಭಾಗಗಳಿಗೆ ವಾಣಿವಿಲಾಸ, ಇಂಗಳದಾಳು, ಹಿರಿಯೂರು ಎಂಬ ಹೆಸರುಗಳಿವೆ. ವೇದಾವತಿಗೆ ಅಡ್ಡಲಾಗಿ ಮಾರಿಕಣಿವೆಯಲ್ಲಿ 1907ರಲ್ಲಿ ಕಟ್ಟಿ ಮುಗಿಸಿದ ವಾಣಿವಿಲಾಸ ಜಲಾಶಯದ ಹೆಸರು ಹೀಗೆ ಸುಮಾರು 260–270 ಕೋಟಿ ವರ್ಷ ಹಳೆಯ ಕಲ್ಲಿಗೂ ಅಂಟಿತು.

ಮ್ಯಾಂಗನೀಸ್ ಇರುವುದು ಈ ವಾಣಿವಿಲಾಸ ಸ್ತರಗಳಲ್ಲಿ. ಬೆಣಚುಶಿಲೆ, ಕೆಸರು ಮಾರ್ಪಟ್ಟು ಹಾಳೆಹಾಳೆಯಾದ ಫಿಲೈಟ್ ಶಿಲೆ, ಸುಣ್ಣಕಲ್ಲು, ಡಾಲೊಮೈಟ್, ಪಟ್ಟೆಪಟ್ಟೆಯ ಕಬ್ಬಿಣಶಿಲೆ ಇವೆಲ್ಲ ಅದರ ನೆರೆಹೊರೆ. ಆಳವಿಲ್ಲದ ಕಡಲಿನಲ್ಲಿ ಕೂಡಿದ ಕೆಸರು ಇವುಗಳ ಮೂಲ. ಇಲ್ಲಿ ಒಂದು ವಿಷಯವನ್ನು ಬಿಡಿಸಿ ಹೇಳಬೇಕು. ನೀರಿನಲ್ಲಿ ಕರಗಿರುವ ಕಬ್ಬಿಣಕ್ಕೆ ಅಷ್ಟಿಷ್ಟು ಆಮ್ಲಜನಕ ಸಿಕ್ಕರೂ ಅದು ತಳಕ್ಕಿಳಿಯುತ್ತದೆ. ಮ್ಯಾಂಗನೀಸ್ ಅಷ್ಟು ಸುಲಭಕ್ಕೆ ಬಗ್ಗದು, ಅದು ಆಕ್ಸೈಡಾಗಿ ಕೂಡಲು ಇನ್ನೂ ಹೆಚ್ಚು ಉತ್ಕರ್ಷಣ ಬೇಕು. ವಾತಾವರಣದಲ್ಲಿ ಆಮ್ಲಜನಕ ನೆಲೆಗೊಂಡದ್ದು ಸುಮಾರು 240 ಕೋಟಿ ವರ್ಷಗಳ ಹಿಂದೆ. ಅದಕ್ಕೂ ಹಳೆಯದಾದ ಈ ಸ್ತರಗಳಲ್ಲಿ ಮ್ಯಾಂಗನೀಸ್ ಹೇಗೆ ಕೂಡಿತು? ಇದೇ ಸ್ತರಗಳ ಸುಣ್ಣಕಲ್ಲಿನಲ್ಲಿ ಸೂಕ್ಷ್ಮಜೀವಿಗಳು ಪದರ ಪದರವಾಗಿ ಕಟ್ಟಿದ ಸ್ಟ್ರೊಮ್ಯಾಟೊಲೈಟ್‌ಗಳು ಸಿಕ್ಕಿವೆ. ದಡದ ತಿಳಿನೀರಿನಲ್ಲಿ ಆ ಜೀವಿಗಳೇ ಅಲ್ಲಲ್ಲಿ ಆಮ್ಲಜನಕ ಬಿಟ್ಟಿರಬೇಕೆಂಬ ಊಹೆಗೆ ಅವು ಇಂಬು ಕೊಡುತ್ತವೆ. ನನ್ನ ಎಣಿಕೆಯಲ್ಲಿ ಈ ಗುಂಡಿಗಳಿಂದ ಹೊರಟ ಯಾವ ಲೋಡು ಅದಿರಿಗಿಂತಲೂ ಈ ಪ್ರಶ್ನೆಯ ಬೆಲೆ ಹೆಚ್ಚು.

ಆದರೆ ಗಣಿಗಾರನಿಗೆ ಬೇಕಾದದ್ದು ಆ ಮೂಲ ಕೆಸರಲ್ಲ. ಅದರಲ್ಲಿ ಮ್ಯಾಂಗನೀಸ್ ಅಂಶ ಕಡಿಮೆ. ಬಹುಕಾಲದ ಮಳೆನೀರು ಸಿಲಿಕ, ಸುಣ್ಣಗಳನ್ನು ತೊಳೆದು ಒಯ್ದು, ಮ್ಯಾಂಗನೀಸನ್ನು ಅದರ ಆಕ್ಸೈಡ್ ಖನಿಜಗಳಾದ ಪೈರೊಲುಸೈಟ್, ಸೈಲೊಮಿಲೇನ್‌ಗಳ ರೂಪದಲ್ಲಿ ಮೇಲ್ಪದರದಲ್ಲೇ ಕೂಡಿಸಿತು. ಹಾಲಿನ ಮೇಲಿನ ಕೆನೆಯಂಥ ಈ ಪದರ ತೆಗೆದರೆ ಕೆಳಗೆ ಸಿಗುವುದು ಬಡ ಫಿಲೈಟ್. ಜೊತೆಗೆ ಅದಿರಿನಲ್ಲಿ ಕಬ್ಬಿಣವೂ ಬೆರೆತಿರುತ್ತದೆ. ಉಕ್ಕು ತಯಾರಿಕೆಗೆ ಬೇಕಾದ ಉತ್ತಮ ಫೆರೊಮ್ಯಾಂಗನೀಸ್‌ಗೆ ಅಂಥ ಅದಿರು ತಕ್ಕುದಲ್ಲ. ಹೀಗಾಗಿ ಹಾರೆ, ಸುತ್ತಿಗೆ, ಬಾಂಡ್ಲಿಗಳಿಂದ ನಡೆಯುವ ಕೆಲಸಕ್ಕೆ ಒಗ್ಗುವ, ಯಂತ್ರ ಹೂಡಲು ಗಿಟ್ಟದ ಗಣಿಗಳು ಹುಟ್ಟಿದವು. ಒಡೆದು, ಕೈಯಿಂದ ಆರಿಸಿ, ಉಳಿದದ್ದನ್ನು ಪಕ್ಕಕ್ಕೆ ಸುರಿಯುವುದೇ ಅಲ್ಲಿನ ಕ್ರಮ.

ಭಾರತದಲ್ಲಿ ಮ್ಯಾಂಗನೀಸ್ ಗಣಿಗಾರಿಕೆ 1890ರ ದಶಕದ ಆರಂಭದಲ್ಲಿ ವಿಜಯನಗರಂ ಸೀಮೆಯಲ್ಲಿ ಶುರುವಾಯಿತು. 1905ರ ರಷ್ಯಾದ ಗಲಭೆಯಿಂದ ಜಾರ್ಜಿಯಾದ ಚಿಯತುರ ಅದಿರಿನ ಸರಬರಾಜು ಕುಂಠಿತವಾದಾಗ ಬೆಲೆ ಏರಿತು. ಶಿವಮೊಗ್ಗ ಜಿಲ್ಲೆಯ ಕುಂಸಿ ಮತ್ತು ಸಂಡೂರಿನ ಬೆಟ್ಟಗಳು ಆ ಕಾಲದಲ್ಲೇ ಬೆಳಕಿಗೆ ಬಂದವು. ಭೂವಿಜ್ಞಾನಿ ಎಲ್.ಎಲ್. ಫರ್ಮರ್ ಅವರ ಭಾರತದ ಮ್ಯಾಂಗನೀಸ್ ಕುರಿತ ಬೃಹತ್ ವರದಿ 1909ರದು, ಸ್ಮೀತ್ ಮತ್ತು ಸಂಪತ್ ಅಯ್ಯಂಗಾರ್ ಅವರ ಮೈಸೂರಿನ ಖನಿಜ ಸಂಪತ್ತಿನ ವಿವರ 1916ರದು. ಚಿತ್ರದುರ್ಗ ಸೀಮೆಗೆ ಒಂದು ಅನುಕೂಲವಿತ್ತು: ಬೆಂಗಳೂರು–ಹರಿಹರ ರೈಲುಮಾರ್ಗ ಹೊಸದುರ್ಗ ರೋಡ್, ಹೊಳಲ್ಕೆರೆ, ಚಿಕ್ಕಜಾಜೂರುಗಳ ಮೂಲಕವೇ ಹಾದಿತ್ತು. ಗುಂಡಿಯಿಂದ ಸ್ಟೇಷನ್ನಿಗೆ ಸಾಗಿಸುವ ಕೂಲಿ ಹೆಚ್ಚಿದಷ್ಟೂ ಬಡ ಅದಿರಿನ ಲಾಭ ಕರಗುತ್ತಿತ್ತು, ಅದು ಬೇರೆ ಮಾತು.

ಕೊರಿಯಾ ಯುದ್ಧದ ವರ್ಷಗಳಲ್ಲಿ, ಸೋವಿಯತ್ ಅದಿರು ಸಿಗದಾದ ಅಮೆರಿಕ ಭಾರತದತ್ತ ತಿರುಗಿದಾಗ ಮತ್ತೊಂದು ಏರಿಕೆ. 1957ರಲ್ಲಿ ಬ್ರೆಜಿಲ್‌ನ ಅಮಪಾ, 1962ರಲ್ಲಿ ಗ್ಯಾಬನ್‌ನ ಮೊಆಂಡ ಗಣಿಗಳು ಸಮೃದ್ಧ ಅದಿರನ್ನು ರಫ್ತು ಮಾಡತೊಡಗಿದ ಮೇಲೆ, ಆರಿಸಿದರೂ ಕಬ್ಬಿಣ ಬಿಡದ ಅದಿರನ್ನು ದೂರದ ಬಂದರಿಗೆ ಕಳಿಸುವುದು ಗಿಟ್ಟುವಂತಿರಲಿಲ್ಲ. ಮೇಲಿನ ಪದರ ಆಗಲೇ ತೆಳುವಾಗಿದ್ದ ಗುಂಡಿಗಳಿಗೆ ಇದು ಸಾಕಾಯಿತು.

ಪಾಳು ಗುಂಡಿಗಳು ಅಪಾಯಕಾರಿ, ಮುಚ್ಚಬೇಕೆನ್ನುವುದು ಸರಿ. ಆದರೆ ಅವುಗಳ ಗೋಡೆಯಲ್ಲಿ ಮೇಲಿನ ಅದಿರಿನಿಂದ ಕೆಳಗಿನ ಫಿಲೈಟ್‌ವರೆಗಿನ ಇಡೀ ಸ್ತರಕ್ರಮ ತೆರೆದಿರುತ್ತದೆ, ಬೇರೆಡೆ ಕೊಳವೆ ಕೊರೆದೇ ನೋಡಬೇಕಾದದ್ದು. ಹೀಗೆ ಕಲ್ಲನ್ನು ಕಾಪಾಡಿದ ಮಾದರಿಯೂ ಇದೆ: ಇದೇ ಜಿಲ್ಲೆಯ ಮರಡಿಹಳ್ಳಿಯ ದಿಂಬು ಲಾವಾ ಶಿಲೆ ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವಾಗಿದೆ. ಮಣ್ಣು ತುಂಬುವ ಮೊದಲು ಗುಂಡಿಗಳ ಗೋಡೆಯನ್ನು ಅಳೆದು, ಚಿತ್ರಿಸಿ, ಮಾದರಿ ತೆಗೆದಿಡುವ ಕೆಲಸವನ್ನು ಗಣಿ ಇಲಾಖೆ ಮತ್ತು ಭೂವಿಜ್ಞಾನ ಕಲಿಸುವ ಕಾಲೇಜುಗಳು ಕೈಗೆತ್ತಿಕೊಳ್ಳಲಿ; ಮಾರಿಕಣಿವೆ ಸಾಲಿನಲ್ಲಿ ಒಂದನ್ನಾದರೂ ಬೇಲಿ ಹಾಕಿ ತೆರೆದಿಡಲಿ.