ಮಂಜುಗಡ್ಡೆ ಪತ್ತೆಯ ಆಂಟೆನಾ ಸಂವೇದಕ

ವಿಮಾನದ ರೆಕ್ಕೆ, ಗಾಳಿಯಂತ್ರದ ಅಲಗು, ವಿದ್ಯುತ್ ತಂತಿ ಮೊದಲಾದವುಗಳ ಮೇಲೆ ಮಂಜುಗಡ್ಡೆ ಕಟ್ಟುವುದನ್ನು ಪತ್ತೆಮಾಡಿ, ಆ ಮಾಹಿತಿಯನ್ನು ನಿಸ್ತಂತುವಾಗಿ ರವಾನಿಸುವ ಸಾಧನ. ಅಳೆಯುವ ಕೆಲಸವನ್ನೂ ಸಂಕೇತ ಕಳಿಸುವ ಕೆಲಸವನ್ನೂ ಒಂದೇ ಆಂಟೆನಾ ಮಾಡುವುದು ಇದರ ವೈಶಿಷ್ಟ್ಯ.

ಒರಟಾದ ತೆಳು ಹಿಮಪದರವೂ ರೆಕ್ಕೆಯ ಎತ್ತುಬಲವನ್ನು ಕುಗ್ಗಿಸುತ್ತದೆ. 1982ರ ಜನವರಿ 13ರಂದು ವಾಷಿಂಗ್ಟನ್ನಿನಲ್ಲಿ ರೆಕ್ಕೆಗಳ ಮೇಲೆ ಹಿಮ ಉಳಿದಿದ್ದಂತೆಯೇ ಹಾರಿದ ಏರ್ ಫ್ಲೋರಿಡಾ ವಿಮಾನ ಸೇತುವೆಯೊಂದಕ್ಕೆ ಬಡಿದು ಪೊಟೊಮ್ಯಾಕ್ ನದಿಗೆ ಬಿತ್ತು. ಸೇತುವೆಯ ಮೇಲಿದ್ದ ನಾಲ್ವರೂ ಸೇರಿ 78 ಮಂದಿ ಸತ್ತರು. ಎಂಜಿನ್ನಿನ ಒತ್ತಡ ಸಂವೇದಕದಲ್ಲೂ ಹಿಮ ಕಟ್ಟಿ, ನೂಕುಬಲ ಇದ್ದುದಕ್ಕಿಂತ ಹೆಚ್ಚಾಗಿ ತೋರಿತ್ತು.

ಹಿಮವನ್ನು ಪತ್ತೆಮಾಡುವ ಕೆಲಸಕ್ಕೆ ಹೆಚ್ಚಾಗಿ ಒಗ್ಗುವುದು ಪ್ಯಾಚ್ ಆಂಟೆನಾ: ನಿರೋಧಕ ಹಾಳೆಯ ಒಂದು ಬದಿಯಲ್ಲಿ ತಾಮ್ರದ ತುಣುಕು, ಇನ್ನೊಂದು ಬದಿಯಲ್ಲಿ ಲೋಹದ ತಳಪದರ. ತುಣುಕಿನ ಉದ್ದ ಮತ್ತು ಸುತ್ತಲಿನ ವಸ್ತುವಿನ ಡೈಎಲೆಕ್ಟ್ರಿಕ್ ಸ್ಥಿರಾಂಕ ಸೇರಿ ಅನುರಣನ ಆವೃತ್ತಿಯನ್ನು ನಿರ್ಧರಿಸುತ್ತವೆ. ಹಾಳೆಯ ಸ್ಥಿರಾಂಕ 2.2 ಇದ್ದರೆ 2.45 ಗಿಗಾಹರ್ಟ್ಸ್‌ಗೆ ಸುಮಾರು 40 ಮಿ.ಮೀ. ಉದ್ದದ ತುಣುಕು ಬೇಕು. ಅದರ ಅಂಚುಗಳಿಂದ ಹೊರಚಾಚುವ ವಿದ್ಯುತ್ ಕ್ಷೇತ್ರವೇ ಹಿಮವನ್ನು ಗ್ರಹಿಸುತ್ತದೆ. ಮೈಕ್ರೋವೇವ್ ಆವೃತ್ತಿಗಳಲ್ಲಿ ಗಾಳಿಯ ಸ್ಥಿರಾಂಕ ಸುಮಾರು 1, ಮಂಜುಗಡ್ಡೆಯದು 3.2ರ ಹತ್ತಿರ, ನೀರಿನದು 80ರ ಆಸುಪಾಸು. ಹಾಗಾಗಿ ಹಿಮ ಕೂತಾಗ ಆವೃತ್ತಿ ತುಸು ಇಳಿಯುತ್ತದೆ. ಅದು ಕರಗಿ ನೀರಾದರೆ ಆವೃತ್ತಿ ಇನ್ನೂ ಕೆಳಗಿಳಿಯುವುದಲ್ಲದೆ, ನೀರು ಶಕ್ತಿಯನ್ನು ಹೀರುವುದರಿಂದ ಅನುರಣನವೂ ಮಸುಕಾಗುತ್ತದೆ. ಈ ಎರಡು ಲಕ್ಷಣಗಳನ್ನು ಒಟ್ಟಿಗೆ ನೋಡಿದರೆ ಮಳೆಹನಿಯನ್ನು ಮಂಜುಗಡ್ಡೆಯಿಂದ ಬೇರ್ಪಡಿಸಬಹುದು.

ವಿನ್ಯಾಸದ ನಿಜವಾದ ಸವಾಲು ಇರುವುದು ಈ ಬೇರ್ಪಡಿಸುವಿಕೆಯಲ್ಲೇ. ಚಳಿಗೆ ನಿರೋಧಕ ಹಾಳೆಯ ಗುಣವೂ ಬದಲಾಗುವುದರಿಂದ, ಹಿಮ ತಾಗದಂತೆ ಮುಚ್ಚಿಟ್ಟ ಎರಡನೆಯ ಅನುರಣಕವನ್ನು ಹೋಲಿಕೆಗೆ ಇಡುವುದುಂಟು. ಕ್ಷೇತ್ರದ ವ್ಯಾಪ್ತಿ ಮೀರಿ ಹಿಮ ದಪ್ಪವಾದರೆ ಆವೃತ್ತಿ ಮತ್ತೆ ಬದಲಾಗದು. ಆದ್ದರಿಂದ ಅಳೆಯಬೇಕಾದ ದಪ್ಪಕ್ಕೆ ತಕ್ಕಂತೆ ಆಂಟೆನಾದ ಗಾತ್ರವನ್ನು ಆರಿಸಬೇಕು. ಗಾಳಿಯ ಹರಿವಿಗೆ ಅಡ್ಡಿಯಾಗದಷ್ಟು ತೆಳುವಾಗಿಯೂ ಅದು ಇರಬೇಕು.

ಕೆಲವು ವಿನ್ಯಾಸಗಳಲ್ಲಿ ಬ್ಯಾಟರಿಯೇ ಇಲ್ಲ. ದೂರದ ಓದುಗ ಸಾಧನ ಕಳಿಸಿದ ಅಲೆಯನ್ನು ಆಂಟೆನಾ ಮರಳಿಸುತ್ತದೆ. ಮರಳಿದ ಅಲೆಯಲ್ಲಿ ಆವೃತ್ತಿಯ ಬದಲಾವಣೆಯನ್ನು ಓದಲಾಗುತ್ತದೆ. ತಿರುಗುತ್ತಲೇ ಇರುವ, ಸಿಡಿಲಿಗೆ ಒಡ್ಡಿಕೊಂಡ ಗಾಳಿಯಂತ್ರದ ಅಲಗುಗಳಿಗೆ ತಂತಿ ಎಳೆಯುವುದು ಕಷ್ಟ. ಅಲ್ಲಿ ಈ ಅನುಕೂಲ ದೊಡ್ಡದು. ಹಿಮ ಕಟ್ಟಿದ ಜಾಗ ನಿಖರವಾಗಿ ತಿಳಿದರೆ ಆ ಭಾಗವನ್ನಷ್ಟೇ ಬಿಸಿಮಾಡಿ ವಿದ್ಯುತ್ ಉಳಿಸಬಹುದು.