ಮಕ್ಕಳ ಪಾಲನಾ ಸಂಸ್ಥೆಗಳಿಂದ ಹೊರಬರುವ ಯುವಜನರಿಗೆ ಅನುಪಾಲನಾ ನೆರವು

ಬಾಲಮಂದಿರ ಮುಂತಾದ ಮಕ್ಕಳ ಪಾಲನಾ ಸಂಸ್ಥೆಗಳಲ್ಲಿ ಬೆಳೆದವರು 18 ವರ್ಷ ತುಂಬಿದೊಡನೆ ಸಂಸ್ಥೆಯನ್ನು ಬಿಡಬೇಕಾಗುತ್ತದೆ. ಹಿಂದಿರುಗಲು ಮನೆಯಿಲ್ಲದವರಿಗೆ ಅಂದಿನಿಂದಲೇ ಊಟ, ವಸತಿ ಹಾಗೂ ವ್ಯಾಸಂಗದ ವೆಚ್ಚವು ಸ್ವಂತ ಹೊಣೆಯಾಗುತ್ತದೆ. ಇಂತಹವರು ಸ್ವಾವಲಂಬಿಗಳಾಗುವವರೆಗೆ ಆಸರೆ ನೀಡುವುದೇ ಅನುಪಾಲನೆಯ ಉದ್ದೇಶ.

ಕಾನೂನಿನ ಆಧಾರ: ಬಾಲನ್ಯಾಯ (ಮಕ್ಕಳ ಪಾಲನೆ ಮತ್ತು ರಕ್ಷಣೆ) ಕಾಯ್ದೆ, 2015ರ ಪ್ರಕರಣ 46ರಡಿ ಇವರಿಗೆ ಆರ್ಥಿಕ ನೆರವು ನೀಡಲು ಅವಕಾಶವಿದೆ.

ಅವಧಿ: 18ರಿಂದ 21 ವರ್ಷದವರೆಗೆ. ವಿಶೇಷ ಸಂದರ್ಭಗಳಲ್ಲಿ 23 ವರ್ಷದವರೆಗೆ ವಿಸ್ತರಿಸಬಹುದು.

ನೆರವಿನ ಸ್ವರೂಪ:
1. 2022ರ ಮಿಷನ್ ವಾತ್ಸಲ್ಯ ಮಾರ್ಗಸೂಚಿಯನ್ವಯ ಮಾಸಿಕ ರೂ. 4,000.
2. ಆರರಿಂದ ಎಂಟು ಮಂದಿ ಒಟ್ಟಾಗಿ ವಾಸಿಸುವ ತಾತ್ಕಾಲಿಕ ಸಮೂಹ ವಸತಿ.
3. ವೃತ್ತಿ ತರಬೇತಿ ಭತ್ಯೆ ಅಥವಾ ಉನ್ನತ ವ್ಯಾಸಂಗಕ್ಕೆ ವಿದ್ಯಾರ್ಥಿವೇತನ.
4. ಸ್ವಯಂ ಉದ್ಯೋಗಕ್ಕೆ ಸಾಲದ ಏರ್ಪಾಡು ಮತ್ತು ಆಪ್ತಸಮಾಲೋಚನೆ.

ವಿಧಾನ: 2016ರ ಕೇಂದ್ರ ಮಾದರಿ ನಿಯಮಗಳ ಪ್ರಕಾರ, ಪರಿವೀಕ್ಷಣಾಧಿಕಾರಿ ಅಥವಾ ಮಕ್ಕಳ ಕಲ್ಯಾಣಾಧಿಕಾರಿಯು ಬಿಡುಗಡೆಗೆ ಎರಡು ತಿಂಗಳು ಮೊದಲೇ ಬಿಡುಗಡೆಯ ನಂತರದ ಯೋಜನೆಯನ್ನು ಸಿದ್ಧಪಡಿಸಿ ಮಕ್ಕಳ ಕಲ್ಯಾಣ ಸಮಿತಿಗೆ ಅಥವಾ ಬಾಲನ್ಯಾಯ ಮಂಡಳಿಗೆ ಸಲ್ಲಿಸತಕ್ಕದ್ದು. ಹಣವನ್ನು ಫಲಾನುಭವಿಯ ಬ್ಯಾಂಕ್ ಖಾತೆಗೆ ನೇರವಾಗಿ ಜಮಾ ಮಾಡಲಾಗುತ್ತದೆ.

ಗಮನಿಸಿ: ವಯಸ್ಸಿನ ದಾಖಲೆ, ಆಧಾರ್, ಶಾಲಾ ಪ್ರಮಾಣಪತ್ರ ಮತ್ತು ಸ್ವಂತ ಹೆಸರಿನ ಬ್ಯಾಂಕ್ ಖಾತೆಯನ್ನು ಸಂಸ್ಥೆಯಲ್ಲಿರುವಾಗಲೇ ಹೊಂದಿಸಿಕೊಳ್ಳುವುದು ಸೂಕ್ತ; ಹೊರಬಂದ ಮೇಲೆ ವಿಳಾಸದ ಪುರಾವೆಯಿಲ್ಲದೆ ಇವುಗಳನ್ನು ಪಡೆಯುವುದು ಕಷ್ಟವಾಗುತ್ತದೆ.

ಹೆಚ್ಚಿನ ಮಾಹಿತಿಗೆ ತಮ್ಮ ಜಿಲ್ಲೆಯ ಮಕ್ಕಳ ರಕ್ಷಣಾ ಘಟಕವನ್ನು ಸಂಪರ್ಕಿಸುವುದು.