ಉಭಯಾಭಿಲಾಷ: ಮರೆತುಹೋದ ಒಂದು ಪರಿಭಾಷೆ

ಸ್ತ್ರೀಪುರುಷರಿಬ್ಬರಲ್ಲಿಯೂ ಅನುರಾಗ ತಳೆಯುವವರನ್ನು ಇಂದಿನ ಕನ್ನಡದಲ್ಲಿ ‘ದ್ವಿಲಿಂಗಿ’ ಎನ್ನುವುದುಂಟು. ಸಸ್ಯಶಾಸ್ತ್ರದ ಪಠ್ಯದಲ್ಲಿ ಅದೇ ಪದ ಕೇಸರ, ಶಲಾಕೆಗಳೆರಡೂ ಇರುವ ಹೂವಿಗೆ ಸಲ್ಲುತ್ತದೆ. ಮನಸ್ಸಿನ ಒಲವನ್ನು ಹೇಳಬೇಕಾದ ಪದ ಹೀಗೆ ದೇಹರಚನೆಯತ್ತ ಬೆರಳು ತೋರುತ್ತದೆ. ಈ ಗೊಂದಲವನ್ನು ಕರ್ನಾಟಕದ ಜೈನಾಚಾರ್ಯರು ಸಾವಿರ ವರ್ಷಗಳ ಹಿಂದೆಯೇ ಬಿಡಿಸಿಟ್ಟಿದ್ದರು.

ಅವರ ಪರಿಭಾಷೆಯಲ್ಲಿ ದೇಹದ ಚಿಹ್ನೆ ದ್ರವ್ಯವೇದ, ಅಂತರಂಗದ ಕಾಮಭಾವ ಭಾವವೇದ. ಇವೆರಡೂ ಸಾಮಾನ್ಯವಾಗಿ ಹೊಂದಿಕೊಂಡಿದ್ದರೂ ಕೆಲವರಲ್ಲಿ ವಿಷಮವಾಗಿರುತ್ತವೆ ಎಂಬುದು ನೇಮಿಚಂದ್ರ ಸಿದ್ಧಾಂತಚಕ್ರವರ್ತಿಯ ‘ಗೊಮ್ಮಟಸಾರ’ದ ಮತ. ಅದಕ್ಕೆ 1359ರಲ್ಲಿ ಕೇಶವವರ್ಣಿ ಕನ್ನಡ ವೃತ್ತಿ ರಚಿಸಿದನು. ಅದನ್ನು ಅನುಸರಿಸಿದ ಸಂಸ್ಕೃತ ಟೀಕೆಯಲ್ಲಿ ಭಾವನಪುಂಸಕನ ಲಕ್ಷಣ ‘ಉಭಯಾಭಿಲಾಷ’, ಎಂದರೆ ಹೆಣ್ಣುಗಂಡುಗಳೆರಡನ್ನೂ ಬಯಸುವ ಮನಸ್ಸು. 9ನೆಯ ಶತಮಾನದ ವೀರಸೇನಾಚಾರ್ಯರ ‘ಧವಲಾ’ ಇನ್ನೊಂದು ಹೆಜ್ಜೆ ಮುಂದಿಡುತ್ತದೆ: ಕ್ರೋಧಾದಿ ಕಷಾಯಗಳು ಅಂತರ್ಮುಹೂರ್ತದಲ್ಲಿ ಬದಲಾದಾವು, ವೇದ ಮಾತ್ರ ಹುಟ್ಟಿನಿಂದ ಸಾವಿನವರೆಗೆ ನಿಲ್ಲುವಂಥದು. ‘ಇದು ವಯಸ್ಸಿನ ಚಾಪಲ್ಯ, ಮದುವೆಯಾದರೆ ಸರಿಹೋಗುತ್ತದೆ’ ಎಂಬ ಇಂದಿನ ಸಾಂತ್ವನಕ್ಕೆ ಇಲ್ಲಿ ಆಸರೆಯಿಲ್ಲ.

ಹಾಗೆಂದು ಶಾಸ್ತ್ರಕಾರರನ್ನು ಆಧುನಿಕ ಉದಾರಿಗಳೆಂದು ಕೊಂಡಾಡುವುದು ಅಪಚಾರವೇ ಸರಿ. ಪುರುಷನ ಕಾಮ ಹುಲ್ಲಿನ ಬೆಂಕಿ, ಸ್ತ್ರೀಯದು ಬೆರಣಿಯ ಬೆಂಕಿ, ನಪುಂಸಕನದು ಇಟ್ಟಿಗೆಗೂಡಿನ ಬೆಂಕಿ ಎಂಬ ಹೋಲಿಕೆಯಲ್ಲಿ ಕಠೋರತೆಯಿದೆ. ಆದರೆ ಮೂರೂ ಬೆಂಕಿಯೇ, ಮೂರೂ ಚಾರಿತ್ರಮೋಹನೀಯ ಕರ್ಮದ ಫಲವೇ; ಒಂದನ್ನು ಆರೋಗ್ಯ, ಇನ್ನೊಂದನ್ನು ರೋಗ ಎಂದು ವಿಂಗಡಿಸಲಿಲ್ಲ. ಪೂಜ್ಯಪಾದರ ‘ಸರ್ವಾರ್ಥಸಿದ್ಧಿ’ ಭಾವದ ದೃಷ್ಟಿಯಿಂದ ಮೂರೂ ವೇದದವರಿಗೆ ಸಿದ್ಧಿಯನ್ನು ಒಪ್ಪುತ್ತದೆ. ಬಾಗಿಲು ಮುಚ್ಚಿದ್ದು ಹೆಣ್ಣಿನ ದೇಹಕ್ಕೆ. ಅದನ್ನು ಯಾಪನೀಯ ಶಾಕಟಾಯನ ‘ಸ್ತ್ರೀನಿರ್ವಾಣ’ದಲ್ಲಿ ವಿರೋಧಿಸಿದ ಕಥೆ ಬೇರೆಯದು.

ಹೊರಗೆ ಜ್ವಾಲೆ ಕಾಣದೆ ಒಳಗೇ ಬೇಯುವ ಆ ಗೂಡಿನ ಹೋಲಿಕೆ ಇಂದು ಬೇರೊಂದು ಅರ್ಥ ಪಡೆಯುತ್ತದೆ. ತುಂಗಭದ್ರೆಯ ದಡದ ಹಲವಾಗಲಿನಿಂದ ಹೂವಿನಹಡಗಲಿ, ಕೂಡ್ಲಿಗಿಗಳವರೆಗಿನ ಸೀಮೆಗೆ ಜೋಗಪ್ಪ ಅಪರಿಚಿತನಲ್ಲ. ಈ ಪರಂಪರೆಯ ಮಂಜಮ್ಮ ಜೋಗತಿಯವರಿಗೆ 2021ರಲ್ಲಿ ಪದ್ಮಶ್ರೀ ಸಂದಿದೆ. ಸೀರೆ, ಬಳೆ, ಭಂಡಾರಗಳು ಜೋಗತಿಗೆ ಗುರುತು ಕೊಡುತ್ತವೆ, ಅವಮಾನದ ನಡುವೆಯೂ ಒಂದು ನೆಲೆ ಕೊಡುತ್ತವೆ. ಉಭಯಾಭಿಲಾಷಿಗೆ ವೇಷವಿಲ್ಲ. ಊರಿನ ಕಣ್ಣಿಗೆ ಅವನು ಮದುವೆಗೆ ಬಂದ ವರ, ಅವಳು ವಧು.

ಸಲಿಂಗಪ್ರೇಮಿಗಳ ನಡುವೆಯೂ ಈ ಒಂಟಿತನ ತಪ್ಪದು. ಸಂಡೂರಿನ ವಸುಧೇಂದ್ರರ ‘ಮೋಹನಸ್ವಾಮಿ’ಯಲ್ಲಿ (2013) ಕಾರ್ತಿಕ್ ಹೆಣ್ಣೊಬ್ಬಳಿಗಾಗಿ ಮೋಹನಸ್ವಾಮಿಯನ್ನು ತೊರೆಯುತ್ತಾನೆ. ಓದುಗನ ಕರುಣೆ ಮೋಹನಸ್ವಾಮಿಗೆ ಸಲ್ಲುವುದು ನ್ಯಾಯವೇ. ಕಾರ್ತಿಕನ ಎರಡೂ ಒಲವುಗಳು ನಿಜವಿದ್ದಿರಬಹುದೇ ಎಂದು ಕೇಳುವವರು ವಿರಳ. ಒಂದು ಕಡೆ ಚಪಲ, ಇನ್ನೊಂದು ಕಡೆ ವಂಚಕ ಎನಿಸಿಕೊಂಡವನು ತನ್ನನ್ನೇ ಶಂಕಿಸತೊಡಗುತ್ತಾನೆ. ಖಿನ್ನತೆ, ಆತಂಕಗಳು ಉಭಯಾಭಿಲಾಷಿಗಳಲ್ಲಿ ಸಲಿಂಗಪ್ರೇಮಿಗಳಿಗಿಂತಲೂ ಹೆಚ್ಚೆಂದು ಹಲವು ದೇಶಗಳ ಅಧ್ಯಯನಗಳು ತೋರಿಸಿವೆ. ಬೇನೆ ಒಲವಿನದಲ್ಲ, ಅದನ್ನು ನಂಬದ ನೆರೆಹೊರೆಯದು.

2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಚಿಕಿತ್ಸೆಯಲ್ಲಿ ಲೈಂಗಿಕ ಒಲವಿನ ಆಧಾರದ ತಾರತಮ್ಯವನ್ನು ನಿಷೇಧಿಸಿತು. ಮರುವರ್ಷ ಸೆಪ್ಟೆಂಬರ್ 6ರಂದು ಸರ್ವೋಚ್ಚ ನ್ಯಾಯಾಲಯ ವಯಸ್ಕರ ಸಮ್ಮತಿಯ ಸಂಬಂಧವನ್ನು 377ನೆಯ ಕಲಮಿನ ಹಿಡಿತದಿಂದ ಬಿಡಿಸಿತು. ಲಿಂಗ ಬೇರೆ, ಒಲವು ಬೇರೆ ಎಂಬ ವಿವೇಕ ಹೀಗೆ ಕಾನೂನಿನ ಭಾಷೆಗೆ ಬಂದಿದೆ; ಕನ್ನಡದ ಪತ್ರಿಕೆಗಳು ಇನ್ನೂ ‘ದ್ವಿಲಿಂಗಿ’ ಎಂದೇ ಬರೆಯುತ್ತಿವೆ.